ಚಪ್ಪರಕ್ಕೆ ಕಟ್ಟಿದ ನಾಲೆ

ಅರಕೆರೆ,
೧೨ ಫೆಬ್ರವರಿ ೧೯೯೬

ಪ್ರೀತಿಯ ಅಣ್ಣಾ,

ನಿನ್ನ ಮಂಡಿ ನೋವು ಹೇಗಿದೆ? ಭಿಲಾಯಿಯ ಚಳಿಯಲ್ಲಿ ಬೆಳಗಿನ ಹೊತ್ತು ನಡೆಯಲು ಹೋಗಬೇಡ. ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ.

ಹೊನ್ನಪ್ಪ ಚಿಕ್ಕಪ್ಪನ ಕಿರಿಮಗಳು ಅನಿತಳ ಮದುವೆ ಸಾಂಗವಾಗಿ ಆಯಿತು. ಹಿಂದಿನ ದಿನ ಶ್ರೀರಂಗಪಟ್ಟಣದಲ್ಲಿ ಡ್ರಾಯಿಂಗ್ ಪಾಠ ಮುಗಿಸಿ, ಬಸ್ಸಿಳಿದು ಬಂದು ಚಪ್ಪರದ ಕೆಳಗೆ ತಲೆಯೆತ್ತಿದರೆ ನನ್ನ ‘ನಾಲೆ’! ಟಿಶ್ಯೂ ಕಾಗದವನ್ನು ಗಂಜಿಯಲ್ಲಿ ಪದರದ ಮೇಲೆ ಪದರ ಅಂಟಿಸಿ, ಪ್ರತಿಯೊಂದೂ ಒಣಗಲು ಕಾದು, ನಾಲೆಯ ನೀರು ಗದ್ದೆಗೆ ಇಳಿಯುವಾಗಿನ ಬಣ್ಣ ಬರುವವರೆಗೂ ಮಾಡಿದ ಕೆಲಸ ಅದು. ನನ್ನ ಬಾಡಿಗೆ ಕೋಣೆಯಲ್ಲಿ ಜಾಗವಿಲ್ಲವೆಂದು ನಮ್ಮ ಅಟ್ಟದಲ್ಲಿ ಸುತ್ತಿಟ್ಟಿದ್ದೆ. ಅದನ್ನು ತೆಂಗಿನ ಗರಿಗಳ ಕೆಳಗೆ ಮೊಳೆ ಹೊಡೆದು ಬಿಗಿದಿದ್ದರು. ಒಂದು ಅಂಚನ್ನು ಕತ್ತರಿಸಿ ಜೂಲು ಬೇರೆ ಬಿಟ್ಟಿದ್ದರು. ಚಿಕ್ಕಪ್ಪನನ್ನು ಕೇಳಿದರೆ, “ಬಣ್ಣದ್ ಕಾಗ್ದ ಇನ್ಯಾತುಕ್ಕವ್ವ, ಚಪ್ಪರುಕ್ಕೆ ತಾನೆ? ನಿಮ್ಮಣ್ಣನೇ ಫೋನ್ನಲ್ಲಿ ಯೋಳ್ದ, ಅಟ್ಟದ ಮ್ಯಾಲೈತೆ ತಕಳಿ ಅಂತ.”

ನೀನು! ಮನೆಯವರನ್ನೆಲ್ಲ ಎದುರಿಸಿ, ಚಿತ್ರಕಲೆ ಕಲಿಯಲೆಂದು ನನ್ನನ್ನು ಬರೋಡದ ರೈಲು ಹತ್ತಿಸಿದವನು. ನನ್ನ ಮೊದಲ ಪ್ರದರ್ಶನವನ್ನು ಪತ್ರಿಕೆಯವರು ‘ಬಿಡುವಿನ ಹವ್ಯಾಸ’ ಎಂದಾಗ ನನಗಿಂತ ಹೆಚ್ಚು ರೇಗಿದವನು. ಇಷ್ಟು ವರ್ಷ ಯಾರೂ ತಿರುಗಿ ನೋಡದ ಕೆಲಸ. ಈಗ ದೆಹಲಿಯವರು ಇದೊಂದನ್ನು ಪ್ರದರ್ಶನಕ್ಕೆ ಕೇಳಿದ್ದಾರೆ, ಮುಂದಿನ ವಾರ ಲಾರಿ ಬರುತ್ತದೆ. ನನ್ನ ಕೋಪ ಅತಿಯಾಯಿತೇ ಎಂದು ನನ್ನನ್ನೇ ಕೇಳಿಕೊಂಡೆ. ಎಣ್ಣೆಬಣ್ಣದ ಚಿತ್ರ ಬರೆದು ಚೌಕಟ್ಟು ಹಾಕಿಸಿದ್ದರೆ ಹೀಗೆ ಮುಟ್ಟುತ್ತಿದ್ದರೇ? ನೀನು ಕಾರ್ಖಾನೆಯ ಉಕ್ಕಿನ ನಡುವೆ ಇರುವವನು. ತೆಳ್ಳಗಿರುವುದೆಲ್ಲ ಹರಿಯಲೆಂದೇ ಇದೆ ಎಂದುಕೊಂಡೆಯಾ?

ಮದುವೆ ಮುಗಿಯಲಿ ಎಂದು ಬಾಯಿ ಮುಚ್ಚಿಕೊಂಡೆ. ಆಮೇಲೆ ಬಿಚ್ಚುತ್ತೇನೆ ಎಂದರೆ ಪುಟ್ಟಲಕ್ಷ್ಮಮ್ಮ ಚಿಕ್ಕಮ್ಮ ಎದೆ ಬಡಿದುಕೊಂಡರು: “ಯುಗಾದಿಗ್ ಮುಂಚೆ ಚಪ್ಪರುಕ್ಕೆ ಕೈ ಆಕುದ್ರೆ ಎಣ್ಣು ಬಾಳ್ತದಾ? ಇಂಗ್ಲೀಸ್ ಓದ್ಬುಟ್ರೆ ಇಷ್ಟೂ ಗೊತ್ತಾಗಕಿಲ್ವಾ?” ನಮ್ಮ ಮನೆಯ ಪದ್ಧತಿ ನನಗೂ ಗೊತ್ತು, ಚಪ್ಪರದ ಸೊಪ್ಪು ಅಲ್ಲೇ ಒಣಗಬೇಕು. ಆದರೆ ಮಂಜಿಗೆ ಬಣ್ಣ ಇಳಿಯುತ್ತಿದೆ. ಬೆಳಿಗ್ಗೆ ರಂಗೋಲಿಯ ಮೇಲೆಲ್ಲ ಹಸಿರು ಹನಿ. ಶಾಲೆಗೆ ರಜೆ ಹಾಕಿ ಅದನ್ನೇ ನೋಡುತ್ತ ಕುಳಿತಿದ್ದೇನೆ. ಬಿಚ್ಚಿದ ಮೇಲೆ ಅನಿತಳಿಗೆ ನಿಜವಾಗಿಯೂ ಏನಾದರೂ ಆದರೆ ಎಂಬ ಅಂಜಿಕೆಯೂ ಇದೆ, ನಗಬೇಡ. ಚಿಕ್ಕಪ್ಪನಿಗೆ ಫೋನು ಮಾಡು. ನಿನ್ನ ಮಾತಿನಿಂದ ಏರಿದ್ದು ನಿನ್ನ ಮಾತಿನಿಂದಲೇ ಇಳಿಯಲಿ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಈ ಸಲ ನಿನಗೆ ಮಾತ್ರ ಏನೂ ಇಲ್ಲ.

ನಿನ್ನ ತಂಗಿ,
ಸರಸ

ತಾ.ಕ.: ನಿನ್ನ ಫೋನಿಗೆ ಕಾಯಲಿಲ್ಲ. ಈಗ ಮಧ್ಯಾಹ್ನ ಎಲ್ಲರ ಎದುರಿಗೇ ಏಣಿ ಹತ್ತಿ ಬಿಚ್ಚಿದೆ. ಕತ್ತರಿಸಿದ ಜೂಲಿನ ಸಮೇತ ದೆಹಲಿಗೆ ಹೋಗುತ್ತದೆ. ನಾನು ಮನೆಮುರುಕಿ ಎಂದು ನಿನಗೆ ಸುದ್ದಿ ಬರುತ್ತದೆ. ಆ ಸುದ್ದಿ ಬಂದಾಗ, ಏಣಿ ಹಿಡಿದಿದ್ದವರು ಯಾರು ಎಂದು ಕೇಳು. ಬೆಳಿಗ್ಗೆ ತಾನೇ ನಾಗಮಂಗಲದಿಂದ ಗಂಡನ ಜೊತೆ ಬಂದಿದ್ದ ಅನಿತ. “ಬಿಚ್ಚಕ್ಕೋ, ನನ್ ಬಾಳೇನು ಕಾಗ್ದದಲ್ ಕಟ್ಟವ್ರಾ?”