ಅಣ್ಣ ಒಲ್ಲೆ ಅಂದಿದ್ದ

ದೇವದುರ್ಗ
11 ಫೆಬ್ರವರಿ 2024, ಭಾನುವಾರ

ಪ್ರೀತಿಯ ಅನಿಲನಿಗೆ,

ಅಕ್ಕನ ಆಶೀರ್ವಾದ, ಜೊತೆಗೆ ಒಂದಿಷ್ಟು ಬೈಗುಳ. ಬೈಗುಳ ಯಾಕೆಂದು ಮುಂದೆ ಓದಿದರೆ ನಿನಗೇ ತಿಳಿಯುತ್ತದೆ. ಫೋನ್ ಮಾಡಬಹುದಿತ್ತು. ಆದರೆ ಕಾಲೇಜಿನಲ್ಲಿ ಪಾಠ ಹೇಳಿ ಹೇಳಿ ನೀನು ಎದುರಿನವರ ಮಾತನ್ನು ಪೂರ್ತಿ ಕೇಳುವ ಅಭ್ಯಾಸವನ್ನೇ ಬಿಟ್ಟಿದ್ದೀಯ. ಇಲ್ಲಿ ಅವ್ವನೂ ನಾನು ಮನೆಯಲ್ಲಿದ್ದಷ್ಟು ಹೊತ್ತು ನನ್ನ ಪಕ್ಕ ಬಿಟ್ಟು ಏಳುವುದಿಲ್ಲ. ಇದು ಅವಳ ಕಿವಿಗೆ ಬೀಳಬಾರದ ಮಾತು. ಅವಳಿಗೆ ಓದು ಬರುವುದಿಲ್ಲ, ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ಶುಕ್ರವಾರ ಮಸರಕಲ್ ಆಸ್ಪತ್ರೆಯ ಡ್ಯೂಟಿಗೆ ರಜೆ ಹಾಕಿ ಮಾನ್ವಿ ಕೋರ್ಟಿಗೆ ಹೋಗಿದ್ದೆ. ನಮ್ಮ ಅಣ್ಣ ಸತ್ತ ಕೇಸಿನಲ್ಲಿ ಅವತ್ತು ಸಾಕ್ಷಿ ಇತ್ತು. ರೈಸ್ ಮಿಲ್ಲಿನ ಸೂಪರ್‌ವೈಸರ್ ಮೇಲೆ ಹೂಡಿದ ಕೇಸು ಇಷ್ಟು ವರ್ಷಕ್ಕೆ ಈಗ ಸಾಕ್ಷಿಯ ಮಟ್ಟಕ್ಕೆ ಬಂದಿದೆ. ನಿನಗೆ ಮೊದಲೇ ಹೇಳಿದ್ದೆ. ರಾಯಚೂರಿನಲ್ಲಿ ನಿನ್ನ ಕಾದಂಬರಿಗೆ ಸನ್ಮಾನ ಇದೆ ಎಂದು ನೀನು ಬರಲಿಲ್ಲ. ಬಂದಿದ್ದರೆ ಆ ಕಾದಂಬರಿಯನ್ನು ನೀನು ಕೋರ್ಟಿನಲ್ಲೇ ನೋಡುತ್ತಿದ್ದೆ. ಸೂಪರ್‌ವೈಸರ್ ಕಡೆಯ ವಕೀಲರ ಕೈಯಲ್ಲಿತ್ತು ಅದು.

ಸಾಕ್ಷಿ ಹೇಳಿದವನು ಸೈಫುದ್ದೀನ್, ಅಣ್ಣನ ಜೊತೆ ಅದೇ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದವನು. ಭತ್ತ ನೆನೆಹಾಕಿದ ನೀರು ನಿಂತು ಕೊಳೆಯುವ ಗುಂಡಿ ಇತ್ತಲ್ಲ, ಅದನ್ನು ಬಳಿಯಲು ಇಳಿದ ಮಾರೆಪ್ಪ ಒಳಗೇ ಎಚ್ಚರ ತಪ್ಪಿ ಬಿದ್ದನಂತೆ. ಸೂಪರ್‌ವೈಸರ್ ಅಣ್ಣನನ್ನು ಇಳಿ ಅಂದನಂತೆ. ಅಣ್ಣ ಆಡಿದ ಮಾತನ್ನು ಸೈಫುದ್ದೀನ್ ಇದ್ದಂತೆಯೇ ಹೇಳಿದ. "ನಾ ಒಲ್ಲೆರೀ, ಒಳಗ ಗಾಳಿ ಕೆಟ್ಟದ. ಫೈರ್ ಇಂಜಿನ್ನಿನವರಿಗೆ ಫೋನ್ ಹಚ್ಚರಿ. ನನಗ ಹೆದರಿಕಿ ಆಗಾಕತ್ತದ." ಅದಕ್ಕೆ ಆ ಮನುಷ್ಯ, "ನೀ ಇಳೀಲಿಲ್ಲಂದ್ರ ನಾಳಿಂದ ನಿಮ್ಮ ಓಣ್ಯಾನವರು ಒಬ್ಬರೂ ಕೆಲಸಕ್ಕ ಬರಬ್ಯಾಡ್ರಿ" ಅಂದ. ಅಣ್ಣನ ಕೈ ನಡುಗಿ ಸೊಂಟಕ್ಕೆ ಹಗ್ಗದ ಗಂಟು ಹಾಕಿಕೊಳ್ಳಲೂ ಆಗಲಿಲ್ಲವಂತೆ, ಸೈಫುದ್ದೀನನೇ ಕಟ್ಟಿದ. ಒಳಗೆ ಹೋದವನು ಆ ಹಗ್ಗವನ್ನು ಬಿಚ್ಚಿ ಮಾರೆಪ್ಪನಿಗೆ ಕಟ್ಟಿದ್ದಾನೆ. ಮಾರೆಪ್ಪ ಮೇಲೆ ಬಂದ. ಮತ್ತೆ ಹಗ್ಗ ಇಳಿಬಿಟ್ಟರೆ ಅದನ್ನು ಯಾರೂ ಹಿಡಿಯಲಿಲ್ಲ.

ಇಷ್ಟು ಹೇಳಿ ಸೈಫುದ್ದೀನ್ ಮುಗಿಸಿದ. ಆಗ ಎದ್ದರು ನೋಡು ಆ ವಕೀಲರು. ನಿನ್ನ ಪುಸ್ತಕ ತೆರೆದು ಅರ್ಪಣೆಯ ಸಾಲನ್ನು ಗಟ್ಟಿಯಾಗಿ ಓದಿದರು. 'ಯಾರೂ ಹೇಳದೆ ತಾನಾಗಿ, ನಗುತ್ತ ಕತ್ತಲಿಗೆ ಇಳಿದ ಅಣ್ಣ ಸಂಜೀವನಿಗೆ.' ನೀನು ಪತ್ರಿಕೆಗೆ ಕೊಟ್ಟ ಸಂದರ್ಶನವನ್ನೂ ಕತ್ತರಿಸಿ ಇಟ್ಟುಕೊಂಡಿದ್ದರು. ಅದರಲ್ಲೂ ಅದೇ ಮಾತು. ಸತ್ತವನ ಸ್ವಂತ ತಮ್ಮ, ಕಾಲೇಜಿನಲ್ಲಿ ಪಾಠ ಮಾಡುವವರು, ಅಚ್ಚು ಹಾಕಿಸಿದ್ದು ಸುಳ್ಳೋ ಅಥವಾ ನೀನು ಹೇಳುವುದು ಸುಳ್ಳೋ ಎಂದು ಸೈಫುದ್ದೀನನನ್ನು ಕೇಳಿದರು. ಅವನು ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. "ಅವರು ಓದಿದೋರು ಅದಾರ್ರಿ, ನಾ ಏನ್ ಹೇಳ್ಲಿ" ಅಂದ. ಸೂಪರ್‌ವೈಸರ್ ಕಾಲ ಮೇಲೆ ಕಾಲು ಹಾಕಿಕೊಂಡು ಆರಾಮ ಕೂತಿದ್ದ. ನನಗೆ ಅವನ ಮೇಲೆ ಬಂದ ಸಿಟ್ಟಿಗಿಂತ ನಿನ್ನ ಮೇಲೆ ಬಂದದ್ದೇ ಹೆಚ್ಚು.

ನಿನ್ನ ಪುಸ್ತಕ ಚೆನ್ನಾಗಿಲ್ಲ ಎಂದು ಹೇಳುತ್ತಿಲ್ಲ, ಮುಖ ಊದಿಸಿಕೊಳ್ಳಬೇಡ. ಅವ್ವನಿಗೆ ಅದನ್ನು ಓದಿ ಹೇಳಿದವಳೇ ನಾನು. ನಿನ್ನ ಕಥಾನಾಯಕ ಅರುಣಕೇತು ಗೆಳೆಯರ ಕಾಲು ತೊಳೆಯುತ್ತಾನೆ, ತನ್ನವನೇ ಹಿಡಿದುಕೊಟ್ಟಾಗಲೂ ಬೈಯುವುದಿಲ್ಲ, ಊರಿನವರಿಗಾಗಿ ವಿಷಸರ್ಪದ ಬಿಲಕ್ಕೆ ನಗುತ್ತ ಇಳಿಯುತ್ತಾನೆ, ಮೂರನೆಯ ದಿನ ಬೆಳಕಾಗಿ ಎದ್ದು ಬರುತ್ತಾನೆ. ಒಮ್ಮೆ ಹನುಮಂತ್ರಾಯ ಮಾಮ ಇದನ್ನೆಲ್ಲ ಕೇಳುತ್ತ ಕೂತಿದ್ದವನು, "ಯವ್ವಾ, ನಿಮ್ಮ ಅನಿಲ ಚರ್ಚಿಗೆ ಹೋಗಾಕತ್ತಾನೇನು?" ಅಂದ. ಇಲ್ಲ ಮಾಮ, ಹಾಸ್ಟೆಲಿನಲ್ಲಿದ್ದಾಗ ಇಂಗ್ಲಿಷಿನ ಮಾಯಾಲೋಕದ ಕಥೆಗಳನ್ನು ರಾಶಿಗಟ್ಟಲೆ ಓದಿದ್ದಾನೆ, ಅವುಗಳ ವೀರರನ್ನು ಬರೆದವರು ಯೇಸುವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಂತೆ, ಇವನು ಅವರನ್ನು ನೋಡಿ ಬರೆದಿದ್ದಾನೆ ಎಂದು ಸಮಜಾಯಿಷಿ ಹೇಳುವಷ್ಟರಲ್ಲಿ ಸಾಕಾಯಿತು. ಗೋಡೆಯ ಮೇಲೆ ಬುದ್ಧನ ಫೋಟೋ ಇನ್ನೂ ಇದೆಯೆಂದು ನೋಡಿ ಖಾತ್ರಿ ಮಾಡಿಕೊಂಡ ಮೇಲೇ ಅವನು ಚಹಾ ಮುಟ್ಟಿದ್ದು.

ಆದರೆ ತಮ್ಮಾ, ಆ ಕಥೆಯನ್ನು ನೀನು ಅರ್ಧವೇ ತಂದಿದ್ದೀಯ. ನಾನು ನರ್ಸಿಂಗ್ ಕಲಿತದ್ದು ಮಿಷನ್ ಆಸ್ಪತ್ರೆಯಲ್ಲಿ. ಗುಡ್ ಫ್ರೈಡೆಯ ಹಿಂದಿನ ದಿನ ಹುಡುಗಿಯರನ್ನೆಲ್ಲ ಪ್ರಾರ್ಥನೆಗೆ ಕೂರಿಸುತ್ತಿದ್ದರು. ಹಿಡಿಯುವವರು ಬರುವುದಕ್ಕೆ ಮೊದಲು ಯೇಸು ತೋಟದಲ್ಲಿ ಒಬ್ಬನೇ ಮೊಣಕಾಲೂರಿ, ಆಗುವುದಾದರೆ ಇದೊಂದು ನನಗೆ ತಪ್ಪಲಿ ಎಂದು ಬೇಡಿಕೊಂಡ ಭಾಗವನ್ನು ಓದುತ್ತಿದ್ದರು. ಸಂಕಟಕ್ಕೆ ಅವನ ಬೆವರು ರಕ್ತದ ಹಾಗೆ ಇಳಿಯಿತಂತೆ. ಆಗ ನಾನು ಅರ್ಧ ಕೇಳಿ ಅರ್ಧ ತೂಕಡಿಸುತ್ತಿದ್ದೆ. ಮೊನ್ನೆ ಕೋರ್ಟಿನ ಬೆಂಚಿನ ಮೇಲೆ ಅದೆಲ್ಲ ನೆನಪಿಗೆ ಬಂತು. ಅವರು ದೇವರೆಂದು ಪೂಜಿಸುವವನೂ ಒಂದು ಗಳಿಗೆ ಒಲ್ಲೆ ಅಂದಿದ್ದ, ಅದನ್ನು ಅವರು ಮುಚ್ಚಿಡಲಿಲ್ಲ. ನಮ್ಮ ಅಣ್ಣನಿಗೆ ಮಾತ್ರ ನೀನು ಹೆದರಲೂ ಅವಕಾಶ ಕೊಡಲಿಲ್ಲ.

ಯಾಕೆ ಹಾಗೆ ಬರೆದೆ ಎಂಬುದು ನನಗೆ ತಿಳಿಯದ್ದೇನಲ್ಲ. ಹೊಲಸು ಗುಂಡಿಯಲ್ಲಿ ಉಸಿರುಗಟ್ಟಿ ಸತ್ತವನ ತಂಗಿ ಅನ್ನಿಸಿಕೊಂಡು ಡ್ಯೂಟಿಗೆ ಹೋಗುವುದು ನನಗೂ ಸಾಕಾಗಿತ್ತು. ನಿನ್ನ ಪುಸ್ತಕ ಬಂದ ಮೇಲೆ ಡಾಕ್ಟರು ಕೂಡ ಮಾತನಾಡಿಸುವ ರೀತಿ ಬದಲಾಯಿತು, ನನಗೂ ಹಿತವಾಗಿತ್ತು. ಆದರೆ ಅವನು ತಾನಾಗಿ ಇಳಿದ ಎಂದಮೇಲೆ ಇಳಿಸಿದವರು ಯಾರೂ ಇಲ್ಲ ಎಂದಾಯಿತಲ್ಲ! ಇದು ನಿನಗೆ ಬರೆಯುವಾಗ ಹೊಳೆಯಲಿಲ್ಲವೇ? ಓದುವಾಗ ನನಗೂ ಹೊಳೆಯಲಿಲ್ಲ ಅನ್ನು.

26ನೇ ತಾರೀಖು ಕೇಸು ಮತ್ತೆ ಇದೆ. ನಿನ್ನನ್ನು ಸಾಕ್ಷಿಯಾಗಿ ಕರೆಸಲು ಅರ್ಜಿ ಹಾಕುತ್ತೇವೆ ಎಂದು ಸರ್ಕಾರಿ ವಕೀಲರು ಹೇಳಿದ್ದಾರೆ. ನೀನು ಬರಬೇಕು. ಆ ದಿನ ನಾನು ಮಿಲ್ಲಿನಲ್ಲಿ ಇರಲಿಲ್ಲ, ಅಣ್ಣ ನಗುತ್ತ ಇಳಿದ ಎಂಬುದು ನನ್ನ ಕಲ್ಪನೆ, ಪತ್ರಿಕೆಯವರಿಗೆ ಹೇಳಿದ್ದು ತಪ್ಪು ಎಂದು ನಿಂತು ಹೇಳಬೇಕು. ನೀನು ಹೇಳದಿದ್ದರೆ ಸೈಫುದ್ದೀನ್ ಸುಳ್ಳುಗಾರನಾಗುತ್ತಾನೆ, ಆ ಮನುಷ್ಯ ಬಿಡುಗಡೆಯಾಗುತ್ತಾನೆ. ಎರಡನೆಯ ಮುದ್ರಣ ಬರಲಿದೆಯಂತೆ, ಅದರಲ್ಲಿ ಆ ಸಾಲನ್ನು ತೆಗೆಸು. ಶಾಲು ಹೊದಿಸಿದವರು ಏನೆಂದುಕೊಂಡಾರು ಎಂದು ನಿನಗೆ ಸಂಕೋಚವಾಗುತ್ತದೆ, ಗೊತ್ತು. ಆಗಲಿ.

ನನಗಿರುವ ಭಯ ಅವ್ವನದು. ಅರುಣಕೇತು ಬಿಲಕ್ಕೆ ಇಳಿಯುವ ಅಧ್ಯಾಯವನ್ನು ಅವಳು ಎಷ್ಟು ಸಲ ಓದಿಸಿದ್ದಾಳೋ. ಅರುಣಕೇತು ಎಂದು ಅವಳು ಅನ್ನುವುದೇ ಇಲ್ಲ, ಸಂಜು ಅನ್ನುತ್ತಾಳೆ. ಅವನ ಕೈ ನಡುಗುತ್ತಿತ್ತು, ನನ್ನನ್ನು ಇಳಿಸಬೇಡಿ ಎಂದು ಕೇಳಿಕೊಂಡಿದ್ದ ಎಂದು ಅವಳಿಗೆ ಹೇಗೆ ಹೇಳಲಿ? ಕೋರ್ಟಿನಲ್ಲಿ ನೀನು ಹೇಳಿದ್ದು ಎರಡು ದಿನದಲ್ಲಿ ಓಣಿಗೆ ಬಂದು ಮುಟ್ಟುತ್ತದೆ. ಅದಕ್ಕೆ ಮೊದಲು ನಮ್ಮ ಬಾಯಿಂದಲೇ ಅವಳು ಕೇಳಬೇಕು. ದಿನವೂ ರೋಗಿಗಳ ಮನೆಯವರಿಗೆ ಕೆಟ್ಟ ಸುದ್ದಿ ಹೇಳುವ ನನಗೆ ಇದಕ್ಕೆ ಬಾಯಿ ಬರುತ್ತಿಲ್ಲ. ನೀನು ಎರಡು ದಿನ ಮುಂಚೆಯೇ ಬಾ, ನೀನೇ ಹೇಳು. ನಾನು ಅವಳ ಪಕ್ಕದಲ್ಲಿ ಕೂತಿರುತ್ತೇನೆ.

ಬೈದಿದ್ದನ್ನು ಮನಸ್ಸಿಗೆ ಹಚ್ಚಿಕೊ, ಆದರೆ ಊಟ ಬಿಡಬೇಡ.

ನಿನ್ನ ಅಕ್ಕ,
ಮೌನೇಶ್ವರಿ

ತಾ.ಕ.: ಲಕೋಟೆಗೆ ಹಾಕುವಷ್ಟರಲ್ಲಿ ಅವ್ವ ಎದುರಿಗೆ ಬಂದು ಕೂತು, "ಅನಿಲಗ ಇಷ್ಟುದ್ದ ಏನ್ ಬರದೀಯವಾ, ಓದು" ಅಂದಳು. ಸುಳ್ಳು ಹೊಂದಿಸಲು ಹೋದೆ, ಆಗಲಿಲ್ಲ. ಎಲ್ಲವನ್ನೂ ಓದಿದೆ. ಅಣ್ಣ ಒಲ್ಲೆ ಅಂದ ಜಾಗವನ್ನು ಇನ್ನೊಮ್ಮೆ ಓದಿಸಿದಳು. ಆಮೇಲೆ ಅಂದಳು: "ಹೆದರಿದ್ದ ಅಂದ್ರ ಅಂವ ನನ್ನ ಸಂಜೂನ. ನಕ್ಕೋತ ಹೋದಂವನ ಸಲುವಾಗಿ ಹ್ಯಾಂಗ ಅಳಬೇಕಂತ ಇಷ್ಟು ದಿನ ನನಗ ತಿಳದಿದ್ದಿಲ್ಲ." ಈಗ ಅಳುತ್ತಿದ್ದಾಳೆ. ನಾನು ಸುಮ್ಮನಿರಿಸಲು ಹೋಗಿಲ್ಲ.