ಅಂಗೈ ಮೇಲೆ

ಮಗಳೇ ಜಗದೇವಿ,

ನೀನು ತೀರಿಕೊಂಡು ಆರು ವರ್ಷ. ಆದರೂ ನಿನಗೇ ಹೇಳಬೇಕು.

ಇವತ್ತು ಪೂಜೆಗೆ ಕೂತಾಗ ನಿನ್ನ ಮಗಳು ಮೀನಲ ನನಗೆ ಇಂಗ್ಲಿಷ್ ಕಲಿಸಿದಳು. ನನ್ನ ಇಷ್ಟಲಿಂಗ ತೋರಿಸಿ, "ಎಲ್ಲಿ ಅದ, ಆಯಿ?" ಅಂದಳು.

"ಇನ್," ಅಂದೆ.

"ಮುಷ್ಟಿ ಮುಚ್ಚೀದಿ ಏನ? ಅಂಗೈ ಮ್ಯಾಲ ಅದ, ಆನ್! ಲಿಂಗದ ಕರಡಿಗಿಯೊಳಗ ಇಟ್ಟರ ಇನ್."

ಈ ಮನೆಯಲ್ಲಿ ನನ್ನನ್ನು ತಿದ್ದಿದವರಿಲ್ಲ. ಸಿಟ್ಟು ಬರಬೇಕಿತ್ತು, ಬೆರಗಾಯಿತು. ಅರವತ್ತು ವರ್ಷ ದೇವರನ್ನು ನಾನೇ ಹಿಡಿದಿದ್ದೇನೆ ಅಂದುಕೊಂಡಿದ್ದೆ. ಅವನು ತಾನಾಗಿ ಬಂದು ಕೂತಿದ್ದ.

"ಈಗ ನೀನೇ ಒಂದು ಹೇಳು," ಅಂದಳು.

ನಿನ್ನನ್ನು ಔರಾದ ಊರಿನ ಶಾಲೆ ಬಿಡಿಸಿದ ದಿನ ನಾನು ನಿನ್ನಿಂದ ಕಸಿದುಕೊಂಡ ಇಂಗ್ಲಿಷ್ ಪುಸ್ತಕ ನೆನಪಾಯಿತು. "ಜಗದೇವಿ ಬುಕ್ ಇನ್ ಟ್ರಂಕ್, ಅಂಡರ್ ಸೀರಿ," ಅಂದೆ.

ಅವಳು ಚಪ್ಪಾಳೆ ತಟ್ಟಲಿಲ್ಲ. ಕೈ ಚಾಚಿದಳು. ಸೊಂಟದಲ್ಲಿದ್ದ ಟ್ರಂಕಿನ ಬೀಗದಕೈ ಬಿಚ್ಚಿ ಕೊಟ್ಟೆ.