ಗಲ್ಲದ ಗೀರು

ಮಗನೇ,

ಈ ಪತ್ರ ಕಳಿಸುವುದಿಲ್ಲ. ಜೈಲಿನಲ್ಲಿ ಕೂತವನಿಗೆ ಮನೆಯ ಕಾಗದ ಬೇರೆ ಕೇಡು.

ಬೆಳಿಗ್ಗೆ ಶೇವಿಂಗ್‌ಗೆಂದು ಸಲೂನಿಗೆ ಹೋಗಿದ್ದೆ. ನೀನು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಹೊಸಬನೊಬ್ಬ ಇದ್ದಾನೆ. ಮಾಲೀಕನಿಗೆ ನನ್ನ ಮೇಲೆ ಇನ್ನೂ ಸಿಟ್ಟು. "ನಿಮ್ಮ ಹುಡ್ಗ ರಿಮ್ಯಾಂಡ್ ಹೋಮಲ್ಲಿ ಕೆಲಸ ಚೆನ್ನಾಗಿ ಕಲ್ತಿದ್ದ. ನೀವು ಬಾಯಿ ಮುಚ್ಕೊಂಡಿದ್ದಿದ್ರೆ ಇವತ್ತೂ ಇಲ್ಲೇ ಇರ್ತಿದ್ದ," ಎಂದ.

ನಾನೇನು ಸುಳ್ಳು ಹೇಳಿದ್ದೆನೇ? ಅವತ್ತು ಗಿರಾಕಿಗಳ ಎದುರಿಗೆ, "ಚಾಕು ತೋರ್ಸಿ ಮೊಬೈಲ್ ಕಿತ್ಕೊಂಡವನ ಕೈಗೆ ಕತ್ತಿ ಕೊಟ್ಟಿದ್ದೀರಲ್ಲ," ಎಂದೆ, ಅಷ್ಟೇ. ಅವರು ಎದ್ದು ಹೋದರೆ ಅದಕ್ಕೆ ನಾನು ಹೊಣೆಯೇ? ಕೆಲಸ ಹೋದ ವಾರವೇ ನೀನು ಮತ್ತೆ ಚಾಕು ಹಿಡಿದೆ. ನನ್ನ ಮಾತೇ ನಿಜವಾಯಿತು, ನೋಡು.

ಹೊಸಬನ ಮೇಲೆ ಯಾವ ಕೇಸೂ ಇಲ್ಲ. ಅದಕ್ಕೇ ನೆಮ್ಮದಿಯಾಗಿ ಕಣ್ಣು ಮುಚ್ಚಿ ಮುಖ ಕೊಟ್ಟೆ. ಗಲ್ಲದ ಕೆಳಗೆ ಕುಯ್ದುಬಿಟ್ಟ. ರಕ್ತ ಇನ್ನೂ ಜಿನುಗುತ್ತಿದೆ.

ನೀನು ರಿಮ್ಯಾಂಡ್ ಹೋಮಿನಿಂದ ಬಿಡುಗಡೆಯಾಗಿ ಮನೆಗೆ ಬಂದ ದಿನ, ಆಸೆಪಟ್ಟು ನನಗೆ ಶೇವ್ ಮಾಡಿದೆಯಲ್ಲ, ಆಗ ನಾನು ರೆಪ್ಪೆ ಬಡಿಯದೆ, ಕತ್ತಿ ಹಿಡಿದ ನಿನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದೇ ಕೂತಿದ್ದೆ.

ಒಂದು ಗೀರೂ ಬಿದ್ದಿರಲಿಲ್ಲ.